ಅಕ್ಕಿ ಬಿಡಿಸಿ ನೋಡಿದೆವು, ತೂಗಿಯೂ ನೋಡಿದೆವು

ಮಗಳಿಗೆ ಒಂಬತ್ತು ವರ್ಷ. ಟೈಪ್ 1 ಡಯಾಬಿಟಿಸ್ ಬಂದು ಎರಡು ವರ್ಷ ಆಯಿತು. ಅಂದರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಅವಳ ಮೈಯಲ್ಲಿ ಸಾಕಷ್ಟು ಆಗುವುದಿಲ್ಲ, ಚುಚ್ಚಿಯೇ ಕೊಡಬೇಕು. ತೀರ್ಥಹಳ್ಳಿ ಕಡೆಯ ಮನೆ ನಮ್ಮದು. ಬೆಳಿಗ್ಗೆ ಕಡುಬು, ಎರಡು ಹೊತ್ತು ಅನ್ನ. ತಿಂಡಿ ಆದಮೇಲೆ ರಕ್ತದ ಸಕ್ಕರೆ ನೋಡುವ ಮೀಟರ್ 300 ದಾಟಿದಾಗಲೆಲ್ಲ, ಈ ಅಕ್ಕಿಯನ್ನೇ ಬಿಡಿಸಿಬಿಡೋಣ ಅನಿಸುತ್ತಿತ್ತು.

ಕಳೆದ ಆಷಾಢದಲ್ಲಿ ಬಿಡಿಸಿಯೇ ನೋಡಿದೆವು. ಡಾಕ್ಟರಿಗೆ ಅಷ್ಟು ಮನಸ್ಸಿರಲಿಲ್ಲ. ಊಟದ ಹೊತ್ತಿನ ಇನ್ಸುಲಿನ್ ಡೋಸ್ ಇಳಿಸಿ ಕೊಟ್ಟು, ದಿನಪೂರ್ತಿ ಕೆಲಸ ಮಾಡುವ ಇನ್ಸುಲಿನ್ ಒಂದು ದಿನವೂ ತಪ್ಪಿಸಬೇಡಿ ಅಂದರು. ಮೊಟ್ಟೆ, ಪನೀರ್, ಕೆಸುವಿನ ಕರ್ಕಲಿ, ಕಳಲೆ ಪಲ್ಯ, ಬಾದಾಮಿ ಹಿಟ್ಟಿನ ರೊಟ್ಟಿ. ಮೀಟರ್ ಮಾತ್ರ ನೋಡಿದರೆ ಇದೇ ಗೆದ್ದಿತು. ಹೆಚ್ಚಿನ ದಿನ 90ರಿಂದ 150ರ ಒಳಗೇ ಇತ್ತು. ಪನೀರ್ ಜಾಸ್ತಿ ತಿಂದ ರಾತ್ರಿ ಮೂರು ತಾಸು ಬಿಟ್ಟು ಏರುತ್ತಿತ್ತು, ಅಷ್ಟೇ.

ಆದರೆ ಆರು ವಾರದಲ್ಲಿ ಅರ್ಧ ಕೆಜಿ ಇಳಿದಳು. ಬೆಳೆಯುವ ಮಗು ಅಲ್ವಾ, ತೂಕ ಇಳಿಯಬಾರದು. ಒಂದು ಸಂಜೆ ಆಡಿ ಬಂದವಳ ಕೈ ನಡುಗುತ್ತಿತ್ತು, ಮೀಟರ್ 58, ಸಕ್ಕರೆ ಇಳಿದುಬಿಟ್ಟಿತ್ತು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟೆ. ಹದಿನೈದು ನಿಮಿಷಕ್ಕೆ ಬರೀ 64. ಮತ್ತೆ ಮೂರು ಚಮಚ ಕೊಟ್ಟಮೇಲೆ ಏರಿತು. ಕಾರ್ಬ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆ ತೀರಾ ಕಡಿಮೆಯಾದರೆ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯೂ ಕಡಿಮೆ, ಆಗ ಸಕ್ಕರೆ ತೀರಾ ಇಳಿದಾಗ ಏರಿಸಲು ಕೊಡುವ ಗ್ಲುಕಗಾನ್ ಇಂಜೆಕ್ಷನ್ನೂ ಸರಿಯಾಗಿ ಕೆಲಸ ಮಾಡದೆ ಇರಬಹುದು ಅಂತ ಡಾಕ್ಟರು ಹೇಳಿದಾಗ ಎದೆ ಧಸಕ್ಕೆಂದಿತು. ಅದಕ್ಕಿಂತ ನೋವಾದದ್ದು, ನೆಂಟರ ಮನೆಯ ಊಟದಲ್ಲಿ ಅವಳು ದೂರ ಕೂತು "ನಂಗೆ ಹಸಿವಿಲ್ಲ" ಅಂದದ್ದು. ಇನ್ಸುಲಿನ್ ಬರುವ ಮೊದಲು, ಅಂದರೆ 1922ಕ್ಕೂ ಹಿಂದೆ, ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟೇ ಉಳಿಸಿಕೊಳ್ಳಲು ನೋಡುತ್ತಿದ್ದರಂತೆ. ಈಗ ಇನ್ಸುಲಿನ್ ಇದೆ. ಮತ್ಯಾಕೆ ಅವಳು ಹಸಿದಿರಬೇಕು?

ಆಮೇಲೆ ಅನ್ನ ಮತ್ತೆ ಶುರು ಮಾಡಿ, ತೂಗಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಕೊಡೋಣ ಅಂತ ತಕ್ಕಡಿ ತಂದೆವು. ಇದು ಸುಲಭ ಅಲ್ಲ. ಅಜ್ಜಿಗೆ ಅನ್ನ ತೂಗುವುದೇ ಸರಿ ಕಾಣಲಿಲ್ಲ. 400 ಗ್ರಾಂ ಅಕ್ಕಿತರಿಗೆ ಹತ್ತು ಕಡುಬು, ಒಂದಕ್ಕೆ ಸುಮಾರು 31 ಗ್ರಾಂ ಕಾರ್ಬ್. ನಮ್ಮವಳಿಗೆ 15 ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್ ಇನ್ಸುಲಿನ್. ಇದು ಅವಳ ಲೆಕ್ಕ. ನಿಮ್ಮ ಮಗುವಿನದು ಬೇರೆ ಇರುತ್ತದೆ, ಡಾಕ್ಟರನ್ನೇ ಕೇಳಿ. ಇನ್ಸುಲಿನ್ ಚುಚ್ಚಿ ಹದಿನೈದು ನಿಮಿಷ ಬಿಟ್ಟು ತಿಂಡಿ ಕೊಡಲು ಶುರು ಮಾಡಿದಮೇಲೆ 300 ಅಪರೂಪವಾಯಿತು. 180, 200 ಈಗಲೂ ಬರುತ್ತದೆ. ತೂಕ ಮಾತ್ರ ಎರಡು ಕೆಜಿ ಏರಿದೆ.

ಲೋ ಕಾರ್ಬ್‌ನಿಂದ ಒಂದು ಉಳಿಸಿಕೊಂಡಿದ್ದೇವೆ: ಬೆಳಿಗ್ಗೆ ಎರಡು ಕಡುಬಿನ ಬದಲು ಒಂದು, ಜೊತೆಗೆ ಮೊಟ್ಟೆ.

ಮೊನ್ನೆ ಹಿತ್ತಲಿನ ಹಲಸು ಕೊಯ್ದೆವು. ಬೀಜ ತೆಗೆದ ತೊಳೆ ಒಂದೊಂದು 25 ಗ್ರಾಂ, ಹತ್ತಿರ ಹತ್ತಿರ 6 ಗ್ರಾಂ ಕಾರ್ಬ್. ಮಗಳೇ ತಕ್ಕಡಿ ಮೇಲಿಟ್ಟು ನೋಡಿದಳು. ಅಂಟು ಕೈಯಲ್ಲೇ ಬೆರಳು ಮಡಚಿ ಎಣಿಸಿದಳು. "ಅಮ್ಮಾ, ಐದು ತೊಳೆಗೆ ಎರಡು ಯೂನಿಟ್, ಸರೀನಾ?" ಸರಿ ಇತ್ತು.