ಹೆರಿಗೆ ಚೆನ್ನಾಗಿ ಆಯಿತು, ಐದನೇ ದಿನದ ಮಾತು ಮಾತ್ರ ಯಾರೂ ಹೇಳಿರಲಿಲ್ಲ (5ಕ್ಕೆ 3 ಸ್ಟಾರ್)

ಆಸ್ಪತ್ರೆಯ ಹೆಸರು ಬೇಡ. ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆ ಅಂದರೆ ಸಾಕು. ರೂಮು ಚೊಕ್ಕಟ, ರಾತ್ರಿ ಪಾಳಿಯ ನರ್ಸ್‌ಗಳು ಬಂಗಾರ, ಕ್ಯಾಂಟೀನಿನ ಸಾರು ಬರೀ ನೀರು. ಮೂರನೇ ದಿನ ಮನೆಗೆ ಕಳಿಸಿದರು. ನನ್ನ ತಕರಾರೆಲ್ಲ ಅದರ ನಂತರದ್ದು.

ಐದನೇ ದಿನ ಬೆಳಿಗ್ಗೆ ಮಗಳ ಬಟ್ಟೆ ಬದಲಿಸುತ್ತಿದ್ದ ಅಮ್ಮ "ಇಲ್ನೋಡೇ" ಅಂದಳು. ಅಪ್ಪನ ಹಳೇ ಪಂಚೆ ಹರಿದು ಮಾಡಿದ ಲಂಗೋಟಿಯ ಮೇಲೆ ಎಂಟಾಣೆ ಅಗಲದ ರಕ್ತ, ಜೊತೆಗೆ ಲೋಳೆ. ಡಿಸ್ಚಾರ್ಜ್ ಶೀಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಯಾರೋ "ಅದು ನಾರ್ಮಲ್ ಮೇಡಂ" ಎಂದು ಇಟ್ಟುಬಿಟ್ಟರು. ಯಾಕೆ ಬರುತ್ತೆ, ಎಷ್ಟು ದಿನ ಇರುತ್ತೆ? ಊಹೂಂ.

ಆಟೋ ಹಿಡಿದು ಅಲ್ಲಿಗೇ ಹೋದೆವು. ಈ 3 ಸ್ಟಾರ್ ಉಳಿದಿರುವುದು ಅಲ್ಲಿನ ಮಕ್ಕಳ ಡಾಕ್ಟರಿಂದ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ (ರಕ್ತ ಹೆಪ್ಪುಗಟ್ಟಲು ಬೇಕಾದದ್ದು) ಕೊಟ್ಟಿದ್ದಾರಾ ಎಂದು ಮೊದಲು ಫೈಲ್ ನೋಡಿದರು. ಹೊಕ್ಕಳು ನೋಡಿದರು, ಕಕ್ಕದಲ್ಲಿ ರಕ್ತ ಇತ್ತಾ ಎಂದು ಕೇಳಿದರು. ಆಮೇಲೆ ಕೂರಿಸಿ ಹೇಳಿದರು. ಬಸುರಿನಲ್ಲಿ ನನ್ನ ಹಾರ್ಮೋನು ಮಗುವಿಗೂ ಸಿಗುತ್ತಿತ್ತು. ಹುಟ್ಟಿದ ಮೇಲೆ ಅದು ನಿಂತಿತು, ಪುಟ್ಟ ಗರ್ಭಕೋಶದ ಒಳಪದರ ಉದುರಿ ಮುಟ್ಟಿನ ಹಾಗೆ ರಕ್ತ ಬಂತು. ನೂರು ಹೆಣ್ಣುಮಕ್ಕಳಲ್ಲಿ 3ರಿಂದ 5 ಮಕ್ಕಳಿಗೆ ಇದು ಕಣ್ಣಿಗೆ ಕಾಣುವಷ್ಟು ಆಗುತ್ತೆ, ಕೆಲವು ದಿನದಲ್ಲಿ ತಾನಾಗೇ ನಿಲ್ಲುತ್ತೆ. ಜಾಸ್ತಿಯಾದರೆ, ನಿಲ್ಲದಿದ್ದರೆ ಬನ್ನಿ ಅಂದರು. ಮಗುವಿನ ಎದೆ ಊದಿದ್ದೂ ಅದೇ ಹಾರ್ಮೋನಿನಿಂದಲೇ. ನಮ್ಮ ಮನೆಗೆ ಎರೆಯಲು ಬರುವ ಅಜ್ಜಿ ಅದನ್ನು ಹಿಂಡುತ್ತಿದ್ದಳು! ಹಿಂಡಿದರೆ ಕೀವಾಗುತ್ತೆ ಎಂದು ಅಮ್ಮನಿಗೆ ಸರಿಯಾಗಿ ಬೈದರು.

ನನ್ನ ಭಯ ಬೇರೆ ಇತ್ತು. ನನಗೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ. ಹತ್ತು ವರ್ಷ "ಮದುವೆಯಾದರೆ ಸರಿಹೋಗುತ್ತೆ" ಅನ್ನಿಸಿಕೊಂಡು, ಕೊನೆಗೆ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಅಂಡಾಶಯದಲ್ಲಿ ಆಗುವ ಹಳೇ ರಕ್ತದ ಗುಳ್ಳೆ) ತೆಗೆಸಿದವಳು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಎಂದು ಕೇಳಿದೆ. ನಗಲಿಲ್ಲ, ಅದೇ ದೊಡ್ಡದು. ಬೆಲ್ಜಿಯಂನ ಐವೊ ಬ್ರೋಸೆನ್ಸ್, ಇಟಲಿಯ ಬೆನಗಿಯಾನೊ ಎಂಬ ಡಾಕ್ಟರುಗಳು ಹಾಗೊಂದು ಊಹೆ ಮುಂದಿಟ್ಟಿದ್ದಾರಂತೆ. ಹಸುಗೂಸಿನ ಗರ್ಭಕಂಠ ಉದ್ದ, ಒಳಗೆ ಗಟ್ಟಿ ಲೋಳೆ. ಹೊರಗೆ ದಾರಿ ಸಿಗದ ರಕ್ತ ಸ್ವಲ್ಪ ಹಿಂದಕ್ಕೆ, ಗರ್ಭನಳಿಕೆಯಿಂದ ಹೊಟ್ಟೆಯೊಳಗೆ ಹೋಗಬಹುದು. ಅದರಲ್ಲಿರುವ ಜೀವಕೋಶಗಳು ಅಲ್ಲೇ ಸುಮ್ನೆ ಕೂತು, ದೊಡ್ಡವಳಾದಾಗ ಎಚ್ಚರಗೊಳ್ಳಬಹುದು. "ಇನ್ನೂ ಸಾಬೀತಾಗಿಲ್ಲ. ಈಗ ಸ್ಕ್ಯಾನೂ ಬೇಡ, ಔಷಧಿಯೂ ಬೇಡ" ಅಂದರು. ಆದರೂ ರಕ್ತ ಕಂಡ ತಾರೀಖನ್ನು ಮಗುವಿನ ಫೈಲಿನಲ್ಲಿ ಬರೆದರು. ಮುಂದೆ ಮುಟ್ಟಿನ ನೋವು ಅಂತ ಇವಳು ಶಾಲೆ ತಪ್ಪಿಸಿದರೆ ಆ ಪುಟ ತೋರಿಸಿ, ಸುಮ್ನೆ ಸಹಿಸಿಕೋ ಅನ್ನಬೇಡಿ ಅಂದರು. ನನಗೆ ಹದಿನಾಲ್ಕರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ!

ಒಂದು ಸ್ಟಾರ್ ಫೋನಿಗೆ ಕಟ್. ಇನ್ನೊಂದು ಡಿಸ್ಚಾರ್ಜ್ ಶೀಟಿಗೆ. ಮಗುವಿನ ಫೋಟೋ ಪ್ಯಾಕೇಜಿಗೆ ಅರ್ಧ ಪುಟ ಜಾಗ ಇದೆ, ಇದಕ್ಕೆ ಎರಡು ಸಾಲು ಇಲ್ಲ ಅಂದ್ರೆ ಹೇಗೆ?

ರಕ್ತ ಎಂಟನೇ ದಿನಕ್ಕೆ ನಿಂತಿತು. ಡಾಕ್ಟರು ಸಿಗುವುದು ಬೆಳಿಗ್ಗೆ ಮಾತ್ರ. ಒಂಬತ್ತಕ್ಕೇ ಹೋಗಿ ಟೋಕನ್ ತಗೊಳ್ಳಿ, ಹತ್ತಾದರೆ ಬೆಂಚಿನ ಮೇಲೆ ಜಾಗ ಇರಲ್ಲ.