300 ಸಿಸಿ, 500 ಸಿಸಿ ಎಟಿವಿ: ಏರಿನಲ್ಲಿ ಗೊತ್ತಾಗಲ್ಲ, ಇಳಿಜಾರಿನಲ್ಲಿ ಗೊತ್ತಾಗತ್ತೆ

ಎಟಿವಿ, ಅಂದರೆ ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿ, ತಗೋಬೇಕು ಅಂತಿರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಎಷ್ಟು ಸ್ಪೀಡ್ ಹೋಗತ್ತೆ?" ಎರಡನೆಯದು, "ಏರು ಹತ್ತತ್ತಾ?" ಇಳಿಯುವುದರ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಹೇಳಬೇಕು ಅನ್ನಿಸಿದ್ದೆಲ್ಲ ಇರುವುದು ಅಲ್ಲೇ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮನೆ, ಕಣ, ಗೋಡೌನ್ ಮೇಲೆ. ತೋಟದ ಮುಕ್ಕಾಲು ಪಾಲು ಕೆಳಗೆ, ಕಟ್ಟಕಡೆಗೆ ಹಳ್ಳ. ಜೀಪು ಅರ್ಧದವರೆಗೆ ಮಾತ್ರ ಇಳಿಯುತ್ತದೆ, ಅಲ್ಲಿಂದ ಮುಂದೆ ದಾರಿ ಕಿರಿದು. ಭಾವನ ಹತ್ತಿರ 300 ಸಿಸಿ ಆಸುಪಾಸಿನ ಗಾಡಿ ಇತ್ತು. ಒಂದೆರಡು ಕೊಯ್ಲು ಅದನ್ನೇ ಕೇಳಿ ತಂದು ಓಡಿಸಿದೆ. ಆಮೇಲೆ 500ರ ಹತ್ತಿರದ್ದೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು, ತಗೊಂಡೆ. ಕೆಲವು ವರ್ಷ ಆಯಿತು. ಎರಡರ ಕಂಪನಿ ಹೆಸರನ್ನೂ ಬರೆಯುವುದಿಲ್ಲ. ಮುಂದೆ ಹೆಸರು ಹಿಡಿದು ಹೇಳುವ ಮಾಡೆಲ್‌ಗಳು ನಮ್ಮವಲ್ಲ.

ಮೊದಲು ಟ್ಯಾಂಕಿನ ಮೇಲಿನ ಸ್ಟಿಕ್ಕರ್ ನಂಬಬೇಡಿ. ಯಮಹಾ ಕೋಡಿಯಾಕ್ 450ರ ಎಂಜಿನ್ ನಿಜಕ್ಕೂ 421 ಸಿಸಿ. ಪೋಲಾರಿಸ್ ಸ್ಪೋರ್ಟ್ಸ್‌ಮನ್ 450ರದ್ದು 499. ಹೆಸರು ಒಂದೇ, ಎಂಜಿನ್ ಬೇರೆ ಬೇರೆ. ಸಿಸಿ ಜಾಸ್ತಿ ಆದರೆ ಶಕ್ತಿ ಅಷ್ಟೇ ಲೆಕ್ಕದಲ್ಲಿ ಜಾಸ್ತಿ ಆಗತ್ತೆ ಅನ್ನುವುದೂ ಸರಿಯಲ್ಲ. ಅದೇ ಪೋಲಾರಿಸ್‌ನ 450ಕ್ಕೆ ಕಂಪನಿ ಹೇಳುವುದು 33 ಎಚ್‌ಪಿ. 567 ಸಿಸಿಯ 570 ಮಾಡೆಲ್‌ಗೆ 44 ಎಚ್‌ಪಿ. ಎಂಜಿನ್ ದೊಡ್ಡದಾಗಿದ್ದು ಬರೀ 68 ಸಿಸಿ, ಶಕ್ತಿ ಮಾತ್ರ ಮೂರನೇ ಒಂದು ಪಾಲು ಏರಿದೆ. ಎಂಜಿನ್ನನ್ನು ಯಾವ ಕೆಲಸಕ್ಕೆ ಹೇಗೆ ಹದ ಮಾಡಿದ್ದಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಇನ್ನು ಏರು. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಗಾಡಿ, ನಾನು, ಟ್ರೇಲರ್, ಅದರಲ್ಲಿ ಹಣ್ಣಿನ ಚೀಲ, ಎಲ್ಲಾ ಸೇರಿ 800 ಕೆಜಿ ಅಂತ ಇಟ್ಟುಕೊಳ್ಳಿ. ಐದು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋಗುವ ಏರು. ಗಂಟೆಗೆ 10 ಕಿಲೋಮೀಟರ್ ವೇಗ. ಅಷ್ಟು ಭಾರವನ್ನು ಮೇಲೆತ್ತಲು ಬೇಕಾಗುವುದು 6 ಎಚ್‌ಪಿಗಿಂತ ಕಡಿಮೆ. ಕೆಸರು, ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಬೆಲ್ಟಿನಲ್ಲಿ ಪೋಲಾಗುವುದು ಅಂತ ಅದರ ಎರಡರಷ್ಟು ಹಿಡಿದರೂ 12. ಭಾವನ ಸಣ್ಣ ಗಾಡಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಹತ್ತುತ್ತದೆ ಕೂಡ. ಕಿರುಚಾಡಿಕೊಂಡು ಹತ್ತುತ್ತದೆ ಅಷ್ಟೇ. ನನ್ನದು ಅದೇ ಏರನ್ನು ಗೊಣಗದೆ ಹತ್ತುತ್ತದೆ, ಪಕ್ಕದಲ್ಲಿ ನಡೆದು ಬರುವವರ ಜೊತೆ ಮಾತಾಡಬಹುದು. ದೊಡ್ಡ ಎಂಜಿನ್‌ಗೆ ಕೊಟ್ಟ ದುಡ್ಡಿಗೆ ಏರಿನಲ್ಲಿ ಸಿಕ್ಕಿದ್ದು ಇಷ್ಟು ಸಮಾಧಾನ.

ಸ್ಪೀಡ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಬಯಲಿನಲ್ಲಿ 500 ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಕಾಫಿ ಗಿಡದ ಸಾಲಿನ ಮಧ್ಯೆ, ಸಿಲ್ವರ್ ಓಕಿನ ಬೇರು ಎದ್ದಿರುವ ದಾರಿಯಲ್ಲಿ, ಎರಡು ಗಾಡಿಯೂ ಹೋಗುವುದು ಹದಿನೈದರಲ್ಲೇ. ಟಾರ್ ರಸ್ತೆಗೆ ಇಳಿಸೋಣ ಅಂದರೆ ನೋಂದಣಿ ಇಲ್ಲ. ಪೋಲಾರಿಸ್‌ನವರು 570ನ್ನು ಟ್ರ್ಯಾಕ್ಟರ್ ಅಂತ ನೋಂದಣಿ ಆಗುವ ಹಾಗೆ ಮಾಡಿ ನಮ್ಮ ದೇಶದಲ್ಲಿ ಮಾರಿದ್ದರು. ಅಂಥದ್ದು ಬಿಟ್ಟರೆ ತೋಟದ ಗೇಟೇ ಗಡಿ.

ಈ ಗಾಡಿ ನನಗೆ ಇಷ್ಟವಾಗಿದ್ದು ಬೆಳಗಿನ ಹೊತ್ತಿನಿಂದ. ಕೊಯ್ಲಿನ ದಿನಗಳಲ್ಲಿ ಮಂಜು ಇನ್ನೂ ಬಿಟ್ಟಿರುವುದಿಲ್ಲ. ಸ್ಟಾರ್ಟ್ ಮಾಡಿ ಸುಮ್ನೆ ಬಿಡುತ್ತೇನೆ. ಅಷ್ಟರಲ್ಲಿ ಮುಂದಿನ ಕ್ಯಾರಿಯರಿಗೆ ಕತ್ತಿ, ಕಾಫಿ ಫ್ಲಾಸ್ಕು, ತಕ್ಕಡಿ ಕಟ್ಟುವುದು. ಹಿಂದಿನದಕ್ಕೆ ಖಾಲಿ ಚೀಲದ ಕಟ್ಟು. ಆ ಕಟ್ಟಿನ ಮೇಲೆ ನಾಯಿ ಹಾರಿ ಕೂತುಕೊಳ್ಳುತ್ತದೆ, ಅದಕ್ಕೆ ಯಾರೂ ಹೇಳಿಕೊಟ್ಟಿದ್ದಲ್ಲ. ನಾಯಿ ಹತ್ತುವ ಮುಂಚೆ ಗೇರ್ ಹಾಕಿದರೆ ಬೊಗಳುತ್ತದೆ. ಮಳೆಗಾಲದಲ್ಲಿ ಕೆಲಸ ಬೇರೆ. ಸಂಜೆ ಹಳ್ಳ ದಾಟಿ ಬಂದ ಮೇಲೆ ಬೆಲ್ಟ್ ಪೆಟ್ಟಿಗೆಯ ತಳದಲ್ಲಿರುವ ಸಣ್ಣ ರಬ್ಬರ್ ಬಿರಡೆ ಬಿಚ್ಚಬೇಕು. ಕಂದು ನೀರು ಒಂದು ಲೋಟದಷ್ಟು ಇಳಿಯುತ್ತದೆ, ಜೊತೆಗೆ ಬೆಲ್ಟಿನ ಕಪ್ಪು ಹುಡಿ. ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಗಾಳಿಗೇ ಬೆಲ್ಟ್ ಒಣಗುತ್ತದೆ. ಬಿರಡೆ ಹಾಕಿ, ಕೈಯನ್ನು ಹಳೇ ಪಂಚೆಗೆ ಒರೆಸಿ, ಕಾಲಿಗೆ ಹತ್ತಿದ ಉಂಬಳ ಕಿತ್ತು ಹಾಕಿದರೆ ದಿನ ಮುಗಿಯಿತು. ಈ ಕೆಲಸ ನನಗೆ ಬೇಜಾರೇ ಆಗಲ್ಲ.

ಈಗ ಇಳಿಜಾರು. ಹಣ್ಣು ಮೇಲಕ್ಕೆ ಬರುತ್ತದೆ, ನಿಜ. ಆದರೆ ಗೊಬ್ಬರ, ಸುಣ್ಣ, ಸ್ಪ್ರಿಂಕ್ಲರ್ ಪೈಪು ಎಲ್ಲಾ ಕೆಳಕ್ಕೆ ಹೋಗಬೇಕು. ಟ್ರೇಲರಿಗೆ ಬ್ರೇಕ್ ಇಲ್ಲ. ಭಾವನ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟು ವೇಗ ಸ್ವಲ್ಪ ತಗ್ಗಿದ ಕೂಡಲೇ ಕ್ಲಚ್ಚು ಬೆಲ್ಟನ್ನು ಕೈಬಿಡುತ್ತದೆ. ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಹಿಂದಿನಿಂದ ಗೊಬ್ಬರ ತುಂಬಿದ ಟ್ರೇಲರ್ ದಬ್ಬುತ್ತದೆ. ಒದ್ದೆ ಎಲೆಯ ಮೇಲೆ ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಒಂದು ಸಲ ಹಿಂಭಾಗ ನಿಧಾನಕ್ಕೆ ಪಕ್ಕಕ್ಕೆ ತಿರುಗಿ, ಬರೆಯ (ಕಡಿದಾದ ಇಳಿಜಾರಿನ) ಅಂಚಿನ ಹಾಲವಾಣ ಮರಕ್ಕೆ ಟ್ರೇಲರ್ ಒರಗಿಕೊಂಡು ನಿಂತಿತು. ಆ ಮರ ಇಲ್ಲದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಹೊಸ ಕ್ವಾಡ್ ಬೈಕ್‌ಗಳಿಗೆ (ಎಟಿವಿಗೆ ಅಲ್ಲಿನ ಹೆಸರು), ಮಗುಚಿದರೆ ಸವಾರನ ಮೇಲೆ ಬೀಳದ ಹಾಗೆ ರಕ್ಷಣೆ ಇರಲೇಬೇಕು ಅಂತ ನಿಯಮ ಮಾಡಿದ್ದಾರೆ. ಸುಮ್ನೆ ಮಾಡಿದ್ದಲ್ಲ ಅದು.

ನನ್ನ ಗಾಡಿಯಲ್ಲಿ ಅದೇ ಇಳಿಜಾರಿಗೆ ಲೋ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬೆರಳು ಬ್ರೇಕಿನ ಮೇಲೆ ಸುಮ್ನೆ ಇಟ್ಟಿರುತ್ತೇನೆ, ಒತ್ತುವುದು ಅಪರೂಪ. ಮೊದಲ ಸಲ ಹೀಗೆ ಹಳ್ಳದವರೆಗೆ ಇಳಿದಾಗ ಆದ ಖುಷಿ ಗಾಡಿ ಮನೆಗೆ ಬಂದ ದಿನವೂ ಆಗಿರಲಿಲ್ಲ. ಇದು 500 ಸಿಸಿಯ ಮಹಿಮೆ ಅಂತ ತಿಳಿಯಬೇಡಿ. ಕ್ಲಚ್ಚಿನೊಳಗೆ ಒಂದೇ ದಿಕ್ಕಿಗೆ ಬಿಡುವ ಬೇರಿಂಗ್ ಇದೆ, ಅದರ ಕೆಲಸ ಇದು. ಸಣ್ಣ ಎಂಜಿನ್‌ಗೂ ಕೊಡಬಹುದು. ಹೋಂಡಾದ ರ‍್ಯಾಂಚರ್, ಫೋರ್‌ಮನ್ ಥರದವುಗಳಲ್ಲಿ ಬೆಲ್ಟೇ ಇಲ್ಲ, ಗೇರಿನ ಹಲ್ಲುಗಳೇ. ಅಲ್ಲಿ ಈ ತಾಪತ್ರಯ ಮೂಲದಲ್ಲೇ ಇಲ್ಲ.

ಹಾಗಂತ 500ರ ಮೇಲೆ ನನಗೆ ಸಿಟ್ಟಿಲ್ಲ ಅಂತಲ್ಲ. ಬೆಲ್ಟ್ ನನ್ನ ನೆಮ್ಮದಿ ಕೆಡಿಸಿದೆ. ಭಾರ ಎಳೆಯುವಾಗ ನಿಧಾನಕ್ಕೆ ಹೋಗಬೇಕಾದರೆ ಲೋ ಹಾಕಲೇಬೇಕು. ಹೈನಲ್ಲೇ ಎಳೆದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ, ಬಿಸಿಯಾಗಿ, ಗಾಜಿನ ಹಾಗೆ ನುಣುಪಾಗುತ್ತದೆ. ನಮ್ಮ ಹುಡುಗನಿಗೆ ಎಷ್ಟು ಹೇಳಿದರೂ, "ಲೋ ಹಾಕಿದ್ರೆ ಎತ್ತಿನ ಗಾಡಿ ಥರ ಹೋಗತ್ತಣ್ಣ" ಅನ್ನುತ್ತಾನೆ. ಸುಟ್ಟ ರಬ್ಬರಿನ ವಾಸನೆ ಕಣದವರೆಗೆ ಬಂದ ದಿನ, ಕೊಯ್ಲು ಜೋರಾಗಿತ್ತು. ಬೆಲ್ಟ್ ಬರಲು ತಿಂಗಳು ಮೀರಿತು. ಅಂಗಡಿಯವರು ಪ್ರತಿ ಸಲ "ನಾಳಿದ್ದು ಸಾರ್" ಅಂದರು. ಅಷ್ಟೂ ದಿನ ಹಣ್ಣು ತಲೆಹೊರೆಯಲ್ಲಿ ಜೀಪಿನವರೆಗೆ ಬಂತು. ಕೂಲಿಯ ಲೆಕ್ಕ ಬರೆದ ರೈಟರ್ ನನ್ನ ಮುಖ ನೋಡಲಿಲ್ಲ, ಪುಣ್ಯಕ್ಕೆ. ಈಗ ಮನೆಯಲ್ಲಿ ಒಂದು ಬೆಲ್ಟ್ ಯಾವಾಗಲೂ ಇರುತ್ತದೆ, ಅಕ್ಕಿ ಡಬ್ಬದ ಪಕ್ಕ, ಇಲಿ ಬರದ ಜಾಗದಲ್ಲಿ.

ತೂಕವೂ ಒಂದು ಕಾಟ. ಭಾವನದ್ದು ಕೆಸರಿನಲ್ಲಿ ಹೂತರೆ ಇಬ್ಬರು ಸೇರಿ ಹಿಂಭಾಗ ಎತ್ತಿ ಪಕ್ಕಕ್ಕೆ ಇಡಬಹುದು. ನನ್ನದಕ್ಕೆ ನಾಲ್ಕು ಜನ ಬೇಕು, ಇಲ್ಲಾ ಹಗ್ಗ ಬೇಕು. ಪೆಟ್ರೋಲೂ ಕುಡಿಯುತ್ತದೆ. ನಿಧಾನದ ಏರು ಮುಗಿದ ಮೇಲೆ ಫ್ಯಾನ್ ತಿರುಗಿ ಬಿಸಿಗಾಳಿಯನ್ನೆಲ್ಲ ಬಲತೊಡೆಗೇ ಹೊಡೆಯುತ್ತದೆ. ಬರ್ಮುಡಾ ಹಾಕಿಕೊಂಡು ಓಡಿಸುವವರು ಗಮನಿಸಿ.

ತೋಟ ಸಪಾಟಾಗಿದ್ದರೆ, ಅಡಿಕೆ, ತೆಂಗಿನ ಜಾಗವಾದರೆ, 300 ಸಾಕು. ಉಳಿದ ದುಡ್ಡಿನಲ್ಲಿ ಗಟ್ಟಿ ಟ್ರೇಲರ್ ಮಾಡಿಸಿ, ಬ್ರೇಕ್ ಇರುವಂಥದ್ದು. ನಮ್ಮಂಥ ಬರೆಯ ತೋಟಕ್ಕೆ 500 ತಗೊಳ್ಳಿ ಅನ್ನುತ್ತೇನೆ, ಆದರೆ ತಗೊಳ್ಳುವ ಮುಂಚೆ ಡೆಮೋ ಕೊಡುವವರಿಗೆ ಹೇಳಿ ಎರಡು ಮೂಟೆ ಹೇರಿಸಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ. ಬಯಲಿನಲ್ಲಿ ಓಡಿಸಿ ತೋರಿಸುತ್ತೇವೆ ಅಂದರೆ ಟೀ ಕುಡಿದು ಬನ್ನಿ.

ಭಾವ ಈಗ 850ರ ಕನಸು ಕಾಣುತ್ತಿದ್ದಾರೆ. ಸ್ಪೋರ್ಟ್ಸ್‌ಮನ್ 850ಕ್ಕೆ 78 ಎಚ್‌ಪಿ ಅಂತ ಫೋನಿನಲ್ಲಿ ತೋರಿಸಿದರು. "ಅಷ್ಟು ಎಚ್‌ಪಿ ಇಟ್ಕೊಂಡು ಏನ್ ಮಾಡ್ತೀರಿ ಭಾವ, ಅದೇ ದುಡ್ಡಲ್ಲಿ ಹಳ್ಳದ ದಾರಿಗೆ ಕಾಂಕ್ರೀಟ್ ಹಾಕ್ಸಿ" ಅಂದೆ. ಅಕ್ಕ ಒಳಗಿನಿಂದ "ಸರಿಯಾಗಿ ಹೇಳ್ದೆ" ಅಂದಳು. ಭಾವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.