ಅಂಡರ್‌ಸ್ಟ್ಯಾಟ್ ವಿಮರ್ಶೆ: ಮ್ಯಾನೇಜರ್ ಸಾಲದು ಅನ್ನುವ ಮುಂಚೆ ಯಾವ ಕಾಲಂ ನೋಡಬೇಕು?

ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಜಗಳದಲ್ಲಿ ಈಗ ಬರೀ ಬೈಗುಳ ನಡೆಯುವುದಿಲ್ಲ. "ಈ ಮ್ಯಾನೇಜರ್ ಸಾಲದು" ಅಂದವರೂ "ಇನ್ನೊಂದು ವರ್ಷ ಕೊಡಿ" ಅಂದವರೂ ಅಂಕಿಯ ಸ್ಕ್ರೀನ್‌ಶಾಟ್ ತಂದು ಮುಂದಿಡುತ್ತಾರೆ. ಎಷ್ಟೋ ಸಲ ಅದು ಅಂಡರ್‌ಸ್ಟ್ಯಾಟ್ ಎಂಬ ಫುಟ್‌ಬಾಲ್ ಅಂಕಿಅಂಶದ ಸೈಟಿನದು. ಕಾಸು ಕೊಡಬೇಕಿಲ್ಲ. 2014-15ರಿಂದ ಈಚಿನ ಸೀಸನ್‌ಗಳು, ಆರು ಲೀಗ್‌ಗಳು: ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್, ರಷ್ಯಾ. ಪ್ರತಿ ಶಾಟ್ ಗೋಲಾಗುವ ಸಂಭವ ಎಷ್ಟು ಎಂದು 0ರಿಂದ 1ರ ನಡುವೆ ಒಂದು ಅಂಕಿ ಕೊಡುತ್ತದೆ, ಅದೇ ಎಕ್ಸ್‌ಜಿ.

ಸೈಟು ಒಳ್ಳೆಯದೇ. ಆದರೆ ತೆರೆದ ಕೂಡಲೇ ಕಣ್ಣಿಗೆ ಬೀಳುವ ಪಟ್ಟಿಯಿಂದ ತೀರ್ಪು ಕೊಡುವವರು ಸಾಮಾನ್ಯವಾಗಿ ತಪ್ಪು ತೀರ್ಪನ್ನೇ ಕೊಡುತ್ತಾರೆ. ಕೆಲಸಕ್ಕೆ ಬರುವ ಸರಕು ಇರುವುದು ಒಂದೆರಡು ಕ್ಲಿಕ್ ಒಳಗೆ.

ಮೊದಲು ಎಕ್ಸ್‌ಪಿಟಿಎಸ್, ಅಂದರೆ "ಸಿಗಬೇಕಿದ್ದ ಅಂಕ". ಪ್ರತಿ ಪಂದ್ಯದ ಶಾಟ್‌ಗಳಿಂದ ಗೆಲುವು, ಡ್ರಾ, ಸೋಲಿನ ಸಂಭವ ಲೆಕ್ಕ ಹಾಕಿ, ಅದರಿಂದ ಅಂಕ (ಗೆಲುವಿಗೆ 3, ಡ್ರಾಗೆ 1) ತೆಗೆಯುತ್ತಾರೆ. ಎಕ್ಸ್‌ಜಿ ಸಮ ಇದ್ದರೆ ಅಂಕವೂ ಸಮ ಅಂದುಕೊಂಡರೆ ಮೋಸಹೋಗುತ್ತೀರಿ. ಒಂದೇ ಪಂದ್ಯದಲ್ಲಿ ಒಂದು ತಂಡ ದೂರದಿಂದ 0.05ರ ಶಾಟ್ 20 ಹೊಡೆಯಿತು, ಇನ್ನೊಂದು 0.5ರ ಅವಕಾಶ ಎರಡೇ ಎರಡು ಮಾಡಿತು ಅನ್ನಿ. ಇಬ್ಬರದ್ದೂ ಒಟ್ಟು 1.0. ಆದರೆ ಮೊದಲನೇ ತಂಡ ಒಂದೂ ಗೋಲಿಲ್ಲದೆ ಉಳಿಯುವ ಸಂಭವ ಶೇ. 36, ಎರಡನೆಯದಕ್ಕೆ ಶೇ. 25. ಪೂರ್ತಿ ಲೆಕ್ಕ ಹಾಕಿದರೆ ಇಪ್ಪತ್ತು ಶಾಟ್‌ನವರಿಗೆ ಸುಮಾರು 1.26 ಅಂಕ, ಎರಡು ಶಾಟ್‌ನವರಿಗೆ 1.42. "ಶಾಟ್ ಮೇಲೆ ಶಾಟ್ ಹೊಡೆದೆವು, ನಸೀಬು ಕೈಕೊಟ್ಟಿತು" ಅನ್ನುವ ಮ್ಯಾನೇಜರ್‌ಗೆ ಇದನ್ನೇ ತೋರಿಸಬೇಕು.

ಈ ಕಾಲಂ ಎಷ್ಟು ದೊಡ್ಡ ಸುಳಿವು ಕೊಡಬಲ್ಲದು ಅನ್ನುವುದಕ್ಕೆ 2017-18ರ ಯುನೈಟೆಡ್ ಪುಟ ತೆರೆಯಿರಿ. ಆಗಿನ ಮ್ಯಾನೇಜರ್ ಮೊರಿನ್ಯೊ ತಂಡ 81 ಅಂಕ, ಎರಡನೇ ಸ್ಥಾನ, 38 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 28 ಗೋಲು. ಎಕ್ಸ್‌ಪಿಟಿಎಸ್ ಮಾತ್ರ 81ಕ್ಕಿಂತ ಬಹಳ ಕೆಳಗೆ, ಎಕ್ಸ್‌ಜಿಎ (ಎದುರಾಳಿಗಳ ಶಾಟ್‌ಗಳ ಒಟ್ಟು ಎಕ್ಸ್‌ಜಿ, ಅಂದರೆ ಬಿಟ್ಟುಕೊಡಬೇಕಿದ್ದ ಗೋಲು) 28ಕ್ಕಿಂತ ಬಹಳ ಮೇಲೆ. ನಡುವಿನ ಅಂತರವನ್ನು ಹೊತ್ತು ನಿಂತಿದ್ದವನು ಬಹುಮಟ್ಟಿಗೆ ಗೋಲ್‌ಕೀಪರ್ ಡೆ ಹೆಯಾ. ಮುಂದಿನ ಸೀಸನ್‌ನಲ್ಲಿ 17 ಪಂದ್ಯಕ್ಕೇ 29 ಗೋಲು ಬಿತ್ತು, 2018ರ ಡಿಸೆಂಬರ್ 18ರಂದು ಮೊರಿನ್ಯೊ ಕೆಲಸ ಹೋಯಿತು. ರಕ್ಷಣೆ ಇದ್ದಕ್ಕಿದ್ದಂತೆ ಕೆಟ್ಟಿತು ಅಂತ ಆಗ ಎಲ್ಲರೂ ಬೊಬ್ಬೆ ಹೊಡೆದರು. ಬಿರುಕು ಹಿಂದಿನ ವರ್ಷದ್ದೇ, ಕೈಗವಸು ಅದನ್ನು ಮುಚ್ಚಿತ್ತು, ಅಷ್ಟೆ.

ಇಲ್ಲೇ ಸೈಟಿನ ಒಂದು ಕೊರತೆಯೂ ಇದೆ. ಶಾಟ್ ಕಾಲಿನಿಂದ ಹೊರಟ ಮೇಲೆ ಗೋಲಿನ ಯಾವ ಮೂಲೆಗೆ ಹೋಯಿತು ಅನ್ನುವುದು ಅದರ ಎಕ್ಸ್‌ಜಿ ಲೆಕ್ಕದಲ್ಲಿ ಸೇರುವುದಿಲ್ಲ. ಹಾಗಾಗಿ ಬಿಟ್ಟ ಗೋಲು ಎಕ್ಸ್‌ಜಿಎಗಿಂತ ಕಡಿಮೆ ಇದ್ದರೆ ಅದು ಗೋಲ್‌ಕೀಪರ್ ಪುಣ್ಯವೋ ಎದುರಾಳಿ ಸ್ಟ್ರೈಕರ್‌ಗಳ ಪಾಪವೋ ಎಂದು ಇದೊಂದರಿಂದಲೇ ಬಿಡಿಸಲಾಗದು.

ಎರಡನೇ ಹೆಜ್ಜೆ ಪೆನಾಲ್ಟಿ ತೆಗೆದುಹಾಕುವುದು. ಪಟ್ಟಿಯ ಆಯ್ಕೆಗಳಲ್ಲಿ ಎನ್‌ಪಿಎಕ್ಸ್‌ಜಿ, ಎನ್‌ಪಿಎಕ್ಸ್‌ಜಿಎ (ಎನ್‌ಪಿ ಅಂದರೆ ಪೆನಾಲ್ಟಿ ಬಿಟ್ಟು) ಕಾಲಂಗಳನ್ನು ಆನ್ ಮಾಡಿ. ಒಂದು ಪೆನಾಲ್ಟಿಗೆ ಇಲ್ಲಿ 0.76 ಬೀಳುತ್ತದೆ. ಹತ್ತು ಪಂದ್ಯದಲ್ಲಿ ಆರು ಪೆನಾಲ್ಟಿ ಸಿಕ್ಕ ತಂಡಕ್ಕೆ ಸುಮ್ಮನೆ 4.5ರಷ್ಟು ಎಕ್ಸ್‌ಜಿ ಸೇರಿಬಿಡುತ್ತದೆ, ಪಂದ್ಯಕ್ಕೆ ಹೆಚ್ಚುಕಡಿಮೆ ಅರ್ಧ ಗೋಲು. ಅದನ್ನು ಮ್ಯಾನೇಜರ್ ಖಾತೆಗೆ ಜಮಾ ಮಾಡುವುದು ನ್ಯಾಯವಲ್ಲ. ಹಾಗಂತ ಕಾರ್ನರ್, ಫ್ರೀಕಿಕ್ ಗೋಲುಗಳನ್ನೂ ಕಿತ್ತುಹಾಕಿ "ಕಾರ್ನರ್ ಇಲ್ಲದಿದ್ದರೆ ಇವನದ್ದೇನೂ ಇಲ್ಲ" ಅನ್ನುವುದು ಹುಡುಗಾಟ. ಆರ್ಸೆನಲ್ 2021ರಲ್ಲಿ ನಿಕೊಲಾಸ್ ಜೊವರ್ ಅವರನ್ನು ಸೆಟ್‌ಪೀಸ್ ಕೋಚ್ ಆಗಿ ಕರೆತಂದದ್ದೇ ಆ ಗೋಲುಗಳಿಗಾಗಿ. ತಾಲೀಮಿನಿಂದ ಬರುವ ಗೋಲು ತಾಲೀಮು ಮಾಡಿಸಿದವನ ಲೆಕ್ಕಕ್ಕೇ ಸೇರಬೇಕು.

ಅತ್ಯಂತ ಬೆಲೆಬಾಳುವ ಜಾಗ, ಹೆಚ್ಚಿನವರು ಇಣುಕಿಯೂ ನೋಡದ್ದು, ತಂಡದ ಪುಟದ ಕೆಳಗಿರುವ ಗೇಮ್ ಸ್ಟೇಟ್ ಪಟ್ಟಿ. ಸ್ಕೋರ್ ಸಮ ಇದ್ದಾಗ, ಒಂದು ಗೋಲು ಮುಂದಿದ್ದಾಗ, ಒಂದು ಹಿಂದಿದ್ದಾಗ, ಅದಕ್ಕೂ ಹೆಚ್ಚಿನ ಅಂತರ ಇದ್ದಾಗ ಏನೇನಾಯಿತು ಎಂದು ನಿಮಿಷಗಳ ಸಮೇತ ಬಿಡಿಸಿಟ್ಟಿದ್ದಾರೆ. ಮುಂದಿರುವ ತಂಡ ಹಿಂದಕ್ಕೆ ಸರಿದು ಕೂರುತ್ತದೆ, ಹಿಂದಿರುವ ತಂಡ ಮುಗಿಬಿದ್ದು ಶಾಟ್ ಹೊಡೆಯುತ್ತದೆ. ಆದ್ದರಿಂದ ಬೇಗ ಗೋಲು ತಿಂದು ತಿಂದು ಆಮೇಲೆ ದಾಳಿ ಮಾಡುವ ತಂಡದ ಒಟ್ಟು ಎಕ್ಸ್‌ಜಿ ಚೆಂದ ಕಾಣುತ್ತದೆ. ಸ್ಕೋರ್ ಸಮ ಇರುವ ಸಾಲನ್ನು ಮಾತ್ರ ತೆಗೆದುಕೊಂಡು, 90 ನಿಮಿಷದ ಎಕ್ಸ್‌ಜಿಯಿಂದ 90 ನಿಮಿಷದ ಎಕ್ಸ್‌ಜಿಎ ಕಳೆಯಿರಿ. ಪ್ಲಸ್ 0.5 ಬಂದರೆ ಅದೇ ಮಟ್ಟ 38 ಪಂದ್ಯ ನಡೆದಾಗ 19 ಗೋಲಿನ ಮುನ್ನಡೆ. ಅಂಥ ಮ್ಯಾನೇಜರ್‌ನನ್ನು ಎರಡು ವಾರದ ಸೋಲಿಗೆ ಓಡಿಸಬಾರದು. ಸೊನ್ನೆಯ ಆಸುಪಾಸು ಇದ್ದರೆ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ ಇದ್ದರೂ ಅನುಮಾನ ಪಡಿ. 300 ನಿಮಿಷಕ್ಕಿಂತ ಕಡಿಮೆ ಇರುವ ಸಾಲನ್ನು ಓದಲೇಬೇಡಿ, ಅದು ಮೂರು ಚಿಲ್ಲರೆ ಪಂದ್ಯದಷ್ಟೂ ಆಗುವುದಿಲ್ಲ.

ತೊಂದರೆ ಏನೆಂದರೆ, ಲೀಗ್ ಪಟ್ಟಿಗೆ ತಾರೀಕು ಹಾಕಬಹುದು, ತಂಡದ ಪುಟದ ಈ ಪಟ್ಟಿಗಳು ಮಾತ್ರ ಇಡೀ ಸೀಸನ್‌ಗೆ ಒಂದೇ. ನಡುವೆ ಮ್ಯಾನೇಜರ್ ಬದಲಾದರೆ ಎಲ್ಲ ಕಲಸುಮೇಲೋಗರ. ಇದಕ್ಕೊಂದು ಅಡ್ಡದಾರಿ ಇದೆ: ಫಾರ್ಮೇಶನ್ ಪಟ್ಟಿ, ಅಂದರೆ ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸಿದ ಕ್ರಮದ ಪಟ್ಟಿ. 2024-25ರಲ್ಲಿ ಯುನೈಟೆಡ್‌ಗೆ ಲೀಗ್‌ನಲ್ಲಿ ಮೂವರು ಮ್ಯಾನೇಜರ್: ಟೆನ್ ಹಾಗ್ 9 ಪಂದ್ಯ, ವ್ಯಾನ್ ನಿಸ್ಟೆಲ್ರಾಯ್ 2, ಅಮೊರಿಮ್ 27. ಟೆನ್ ಹಾಗ್ ಆಡಿಸಿದ್ದು ಹೆಚ್ಚಾಗಿ 4-2-3-1, ಅಮೊರಿಮ್ ಹಟಹಿಡಿದು ಆಡಿಸಿದ್ದು 3-4-2-1. ಆ ಎರಡು ಸಾಲು ಅಕ್ಕಪಕ್ಕ ಇಟ್ಟರೆ ಇಬ್ಬರನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದು. ಪಂದ್ಯದ ನಡುವೆ ವ್ಯವಸ್ಥೆ ಬದಲಾದರೆ ಆ ನಿಮಿಷಗಳು ಬೇರೆ ಸಾಲಿಗೆ ಹೋಗುತ್ತವೆ, ಅದೊಂದು ನೆನಪಿರಲಿ.

ಆ ವರ್ಷದ ಅಂಕ ನೋಡಿ: ಟೆನ್ ಹಾಗ್‌ಗೆ 9 ಪಂದ್ಯದಲ್ಲಿ 11, ಅಮೊರಿಮ್‌ಗೆ 27ರಲ್ಲಿ 27. ಟೆನ್ ಹಾಗ್ ತಂಡ ಆ ಒಂಬತ್ತರಲ್ಲಿ ಹೊಡೆದದ್ದು ಬರೀ 8 ಗೋಲು, ಎಕ್ಸ್‌ಜಿ ಅದಕ್ಕಿಂತ ಎಷ್ಟೋ ಹೆಚ್ಚು. ಕೊನೆಯ ಪಂದ್ಯ ಅಕ್ಟೋಬರ್ 27ರಂದು ವೆಸ್ಟ್ ಹ್ಯಾಮ್ ವಿರುದ್ಧ: ಯುನೈಟೆಡ್‌ನ ಡಾಲೊ ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಹೊಡೆದ, ಕೊನೆಗಳಿಗೆಯಲ್ಲಿ ವಿಎಆರ್ (ವಿಡಿಯೊ ರೆಫರಿ) ಕೊಡಿಸಿದ ಪೆನಾಲ್ಟಿಯಿಂದ ವೆಸ್ಟ್ ಹ್ಯಾಮ್‌ನ ಬೋವೆನ್ 2-1 ಮಾಡಿದ, ಮರುದಿನ ಮ್ಯಾನೇಜರ್ ಮನೆಗೆ. ಟೆನ್ ಹಾಗ್ ಪರ ವಾದಿಸುವವರು ಈ ಒಂಬತ್ತು ಪಂದ್ಯವನ್ನೇ ಹಿಡಿಯುತ್ತಾರೆ, ಅದರಲ್ಲಿ ಹುರುಳೂ ಇದೆ. ಆದರೆ ಹಿಂದಿನ ಪುಟ ತಿರುವಿದರೆ 2023-24: 57 ಗೋಲು ಹೊಡೆದು 58 ಬಿಟ್ಟು ಎಂಟನೇ ಸ್ಥಾನ. ಅಲ್ಲಿ ಎಕ್ಸ್‌ಜಿಎ ಕಾಲಂ ಅವರ ಪರ ಸಾಕ್ಷಿ ಹೇಳುವುದಿಲ್ಲ.

ಆ ಸೀಸನ್‌ನಲ್ಲೇ ಅವರು ಎಫ್ಎ ಕಪ್ ಗೆದ್ದರು. ಅಂಡರ್‌ಸ್ಟ್ಯಾಟ್‌ನಲ್ಲಿ ಹುಡುಕಿದರೆ ಅದು ಸಿಗದು, ಯಾಕೆಂದರೆ ಕಪ್ ಪಂದ್ಯಗಳಾಗಲಿ ಯೂರೋಪಿನ ಪಂದ್ಯಗಳಾಗಲಿ ಅಲ್ಲಿಲ್ಲ. 2025ರಲ್ಲಿ ಯೂರೋಪಾ ಲೀಗ್ ಗೆದ್ದ ಟಾಟನ್‌ಹ್ಯಾಮ್ ಇಲ್ಲಿ ಬರೀ 17ನೇ ಸ್ಥಾನದ ತಂಡ. ಆಟಗಾರರ ಸಂಬಳ, ಗಾಯಾಳುಗಳ ಪಟ್ಟಿ ಕೂಡ ಬೇರೆಡೆ ನೋಡಿಕೊಳ್ಳಬೇಕು.

ಪಿಪಿಡಿಎ ಕಾಲಂ ಬಗ್ಗೆ ಎರಡೇ ಮಾತು. ಎದುರಾಳಿಯ ಅರ್ಧದಲ್ಲಿ ಒಂದು ರಕ್ಷಣಾ ಕ್ರಿಯೆಗೆ ಎಷ್ಟು ಪಾಸ್ ಬಿಟ್ಟುಕೊಟ್ಟರು ಅನ್ನುವ ಲೆಕ್ಕ. ಕಡಿಮೆ ಇದ್ದಷ್ಟೂ ಒತ್ತಡ ಹೆಚ್ಚು. ಎದುರಾಳಿ ಪಾಸ್ ಆಡದೆ ಉದ್ದಕ್ಕೆ ಒದೆಯುವವರಾದರೂ ಅದು ಇಳಿಯುತ್ತದೆ, ಆಗ ಹೊಗಳಿಕೆ ಬೇಡ.

ತಾರೀಕಿನ ಫಿಲ್ಟರ್ ಈ ಸೈಟಿನ ಬಲ, ಜಗಳಗಂಟರ ಆಯುಧವೂ ಹೌದು. ಮೊರಿನ್ಯೊ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ಸೋಲ್ಶಾರ್ ಮೊದಲ 19 ಪಂದ್ಯದಲ್ಲಿ (ಕಪ್, ಯೂರೋಪ್ ಪಂದ್ಯಗಳೂ ಸೇರಿ) 14 ಗೆದ್ದು 2019ರ ಮಾರ್ಚ್ 28ರಂದು ಕಾಯಂ ಆದರು. ಆ ಸೀಸನ್ ಆರನೇ ಸ್ಥಾನದಲ್ಲಿ ಮುಗಿಯಿತು. ಮೊದಲ ಹಂತದ ಸ್ಕ್ರೀನ್‌ಶಾಟ್ ಒಂದು ಕಥೆ ಹೇಳುತ್ತದೆ, ಎರಡನೆಯದು ಇನ್ನೊಂದು. ಕನಿಷ್ಠ ಹತ್ತು ಪಂದ್ಯ ತೆಗೆದುಕೊಳ್ಳಿ, ಸಾಧ್ಯವಾದರೆ ಹತ್ತೊಂಬತ್ತು, 20 ತಂಡಗಳ ಇಂಗ್ಲಿಷ್ ಲೀಗ್‌ನಲ್ಲಿ ಆಗ ಹೆಚ್ಚುಕಡಿಮೆ ಎಲ್ಲ ಎದುರಾಳಿಗಳೂ ಒಮ್ಮೆ ಬಂದುಹೋಗಿರುತ್ತಾರೆ. ಯಾರಾದರೂ ತಾರೀಕಿನ ಪಟ್ಟಿಯನ್ನು ಕತ್ತರಿಸಿದ ಚಿತ್ರ ಹಾಕಿದರೆ ಮೊದಲು ತಾರೀಕು ಕೇಳಿ. ಅದು ದೊಡ್ಡ ಸೋಲಿನ ಮರುದಿನದಿಂದ ಶುರುವಾಗಿದ್ದರೆ, ಆ ಸೋಲನ್ನೂ ಸೇರಿಸಿ ಮತ್ತೆ ಲೆಕ್ಕ ತೆಗೆಯಲು ಹೇಳಿ.